ಸೀರೆಗೆ ಅಂಟಿದ ಹಳ್ಳ

ಮಾಧವಿಯ ಟ್ರಂಕಿನಿಂದ ಹಳೆಯ ನೂಲಿನ ಸೀರೆಯೊಂದನ್ನು ಹೇಳದೆ ಕೇಳದೆ ಎತ್ತಿಕೊಂಡದ್ದು ನರಸಿಂಹನ ಮೊದಲ ತಪ್ಪು. ಎತ್ತಿಕೊಂಡು ಹೋಗುವಾಗ ಹೆಂಡತಿಯ ಕಣ್ಣಿಗೇ ಬಿದ್ದದ್ದು ಎರಡನೆಯದು.

"ಯಾರಿಗ್ರೀ ಅದು ಸೀರೆ?" ಅಡುಗೆಮನೆ ಬಾಗಿಲಲ್ಲಿ ನಿಂತು ಮಾಧವಿ ಕೇಳಿದಳು.

"ಯಾರಿಗೂ ಅಲ್ಲ ಕಣೇ. ಹಳ್ಳಕ್ಕೆ."

"ಹಳ್ಳಕ್ಕೆ ಸೀರೆ ಉಡಿಸ್ತೀರಾ?"

"ಉಡಿಸಲ್ಲ. ಅಂಟಿಸ್ತೀನಿ. ಇವತ್ತು ಅಂಟಿಸಿ, ನಾಳೆ ಬೆಳಗ್ಗೆ ಕಿತ್ಕೊಂಡು ಬರ್ತೀನಿ."

"ಆಯ್ತು, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ," ಎಂದು ಒಳಗೆ ಹೋದಳು. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟರನ್ನು ಕಟ್ಟಿಕೊಂಡವಳಿಗೆ ಇಂಥ ಮಾತೆಲ್ಲ ರೂಢಿಯಾಗಿಬಿಟ್ಟಿತ್ತು.

ಸೀರೆಯ ವಿಷಯ ಬಿಡಿಸಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನರಸಿಂಹ ಕೋಲಾರದ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದ ಕಾಲ ಅದು. ಮೇಷ್ಟರು ರಾಮಚಂದ್ರಪ್ಪ. ಪ್ರತಿವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಬಾಡಿಗೆ ಲಾರಿಯೊಂದಕ್ಕೆ ಹುಡುಗರನ್ನೆಲ್ಲ ತುಂಬಿಕೊಂಡು ದೇವರಾಯಸಮುದ್ರಕ್ಕೆ ಹೊರಡುತ್ತಿದ್ದರು. ಅಲ್ಲಿ ಕೆರೆಗೆ ನೀರು ತರುವ ಹಳ್ಳವೊಂದಿತ್ತು. ಹಳ್ಳ ಕೊರೆದ ದಡ ಆಳೆತ್ತರದ ಗೋಡೆಯಂತೆ ನಿಂತಿತ್ತು. ಗೋಡೆಯ ತುಂಬ ಪದರಗಳು. ಅಡಿಯಲ್ಲಿ ಉರುಟು ಕಲ್ಲು, ಅದರ ಮೇಲೆ ಮರಳು, ಅದರ ಮೇಲೆ ಗೋಡುಮಣ್ಣು, ಮತ್ತೆ ಕಲ್ಲು, ಮತ್ತೆ ಮರಳು, ಮತ್ತೆ ಮಣ್ಣು.

ರಾಮಚಂದ್ರಪ್ಪನವರು ಪಂಚೆ ಎತ್ತಿ ಕಟ್ಟಿ, ಕೊಡದಲ್ಲಿ ನೀರು ತರಿಸಿ, ಗೋಡೆಗೆ ಚಿಮುಕಿಸುತ್ತಿದ್ದರು. "ಮುಖ ತೊಳೆಸಿದ್ರೆ ತಾನೇ ಅದು ಮಾತಾಡೋದು!" ಎನ್ನುತ್ತಿದ್ದರು. ನೀರು ಬಿದ್ದದ್ದೇ ಪದರದ ಬಣ್ಣಗಳೆಲ್ಲ ಎದ್ದು ಬರುತ್ತಿದ್ದವು. ಆಮೇಲೆ ಬೆರಳಿಟ್ಟು ಓದುತ್ತಿದ್ದರು. ಕಲ್ಲಿನ ಪದರ ಮುಟ್ಟಿ, "ಇಲ್ಲಿ ನೀರಿಗೆ ಕೋಪ ಬಂದಿತ್ತು." ಮರಳು ಮುಟ್ಟಿ, "ಕೋಪ ಇಳೀತು." ಮಣ್ಣು ಮುಟ್ಟಿ, "ಮಲಗಿಬಿಡ್ತು." ಮತ್ತೆ ಮೇಲಿನ ಕಲ್ಲಿಗೆ ಬಂದು, "ಎದ್ದ ನೋಡಿ ಮತ್ತೆ ಮಹರಾಯ!" ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಬಿಸಿಲು ಏರಿದ ಮೇಲೆ ಮುತ್ತುಗದ ಎಲೆಯಲ್ಲಿ ಕಟ್ಟಿ ತಂದ ಚಿತ್ರಾನ್ನ, ಹಳ್ಳದ ಪಕ್ಕದ ಮನೆಯ ದೊಡ್ಡಗಂಗಮ್ಮ ಕೊಡುವ ನೀರುಮಜ್ಜಿಗೆ, ಕೋಡಿ ಹರಿಯುತ್ತಿದ್ದ ಕೆರೆಯಲ್ಲಿ ಕದ್ದು ಈಜು. ಅಂಥ ದಿನಗಳು ಮತ್ತೆ ಬರಲಿಲ್ಲ. ನರಸಿಂಹನಿಗೆ ಈಗಲೂ ಚಿತ್ರಾನ್ನ ತಿಂದರೆ ಒದ್ದೆ ಮರಳಿನ ವಾಸನೆ ನೆನಪಾಗುತ್ತದೆ.

ಹಾಗಿದ್ದ ಒಂದು ದಿನವೇ ಎಡವಟ್ಟಾದದ್ದು. ಗೋಡೆಯ ಬುಡದಲ್ಲಿ ಕುಸಿದುಬಿದ್ದ ಮಣ್ಣಿನ ಗುಡ್ಡೆಯಿತ್ತು. ನರಸಿಂಹ ಸುಮ್ಮನಿರಲಾರದೆ ಕೈಯಲ್ಲಿ ಬಗೆದ. ಒಳಗೆ ಎಲ್ಲಕ್ಕಿಂತ ಹಳೆಯ ಮರಳಿನ ಪದರ ಕಂಡಿತು. ಮೇಲಿನ ಪದರಗಳೆಲ್ಲ ಚಪ್ಪಟೆ. ಇದರಲ್ಲಿ ಮಾತ್ರ ಓರೆ ಗೆರೆಗಳು. ಹರಿಯುವ ನೀರು ಮರಳನ್ನು ತಳ್ಳಿಕೊಂಡು ಹೋಗಿ ಮುಂದಕ್ಕೆ ಜಾರಿಸಿ ಬೀಳಿಸುತ್ತದೆ, ಗೆರೆ ಯಾವ ಕಡೆಗೆ ಇಳಿದಿದೆಯೋ ನೀರು ಆ ಕಡೆ ಹೋಗಿದೆ ಎಂದು ಮೇಷ್ಟರೇ ಹೇಳಿಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಪಾಲಾರ್ ನದಿ, ಬಲಕ್ಕೆ ಮಾವಿನ ತೋಪುಗಳ ಶ್ರೀನಿವಾಸಪುರ. ಹಳ್ಳ ಮೊದಲಿಂದಲೂ ಪಾಲಾರ್ ಕಡೆಗೇ ಹರಿದದ್ದು ಎಂಬುದು ಮೇಷ್ಟರ ಪಾಠ. ಗೆರೆಗಳು ಬಲಕ್ಕೆ ಇಳಿದಿದ್ದವು.

"ಸಾರ್!" ಎಂದು ಕೂಗಿದ ನರಸಿಂಹ. "ಹಳ್ಳ ಮೊದ್ಲು ಪಾಲಾರ್ ಕಡೆ ಹೋಗ್ತಿರ್ಲಿಲ್ಲ ಸಾರ್! ಶ್ರೀನಿವಾಸಪುರದ ಕಡೆ ಹರೀತಿತ್ತು!"

ರಾಮಚಂದ್ರಪ್ಪನವರು ಬಗ್ಗಿ ನೋಡಲಿಲ್ಲ. "ಯಾಕಪ್ಪಾ, ಮಾವಿನಹಣ್ಣು ತರೋಕೆ ಹೋಗ್ತಿತ್ತಾ?" ಎಂದರು.

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ನರಸಿಂಹ ಹೋಗಿ ಮಾವಿನಹಣ್ಣು ಆದ. ಅವನ ಮದುವೆಗೆ ಗೆಳೆಯರು ಮಾವಿನಹಣ್ಣಿನ ಬುಟ್ಟಿಯನ್ನೇ ಉಡುಗೊರೆ ತಂದರು. ಈಗ ಎಲ್ಲರ ತಲೆ ನರೆತಿದೆ, ವಾಟ್ಸಾಪಿನಲ್ಲಿ ಅವನ ನಂಬರೂ ಆ ಹೆಸರಿನಲ್ಲೇ ಇದೆ. ಸೀಸನ್ನಿನಲ್ಲಿ ಹೆಂಡತಿ ರಸಪುರಿ ಹೆಚ್ಚಿಕೊಟ್ಟರೂ ಬಾಯಿಗೆ ರುಚಿಸುವುದಿಲ್ಲ. ಪಾಪ, ಹಣ್ಣಿನದೇನು ತಪ್ಪು!

ಈಗ, ಇಷ್ಟು ವರ್ಷಗಳಾದ ಮೇಲೆ, ಆ ಹಳ್ಳದ ದಡಕ್ಕೆ ಕಲ್ಲು ಕಟ್ಟುವ ಕೆಲಸ ಶುರುವಾಯಿತು. ಪಾಯಕ್ಕೆಂದು ಜೆಸಿಬಿ ಬುಡದ ಗುಡ್ಡೆಯನ್ನೆಲ್ಲ ಎಳೆದುಹಾಕಿತು. ಹಳೆಯ ಪದರ ನಿಚ್ಚಳವಾಗಿ ಎದ್ದು ಕಂಡಿತು. ಗೆರೆಗಳು ಬಲಕ್ಕೇ ಇಳಿದಿದ್ದವು! ನರಸಿಂಹ ಫೋಟೋ ತೆಗೆದು ಮೇಷ್ಟರಿಗೆ ಕಳಿಸಿದ. ತಿರುಗಿ ಬಂದದ್ದು ಒಂದೇ ಸಾಲು: "ಫೋಟೋ ಬೇಡ. ಮರಳು ತೋರಿಸು."

ತೋರಿಸುವುದು ಹೇಗೆ? ಮೇಷ್ಟರಿಗೆ ಮಂಡಿ ಹೋಗಿದೆ, ಹಳ್ಳಕ್ಕೆ ಇಳಿಯಲಾರರು. ಹಳೆಯ ಶಿಷ್ಯರೆಲ್ಲ ಸೇರಿ ಕೋಲಾರದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿರುವ ದಿನವೇ ಗೋಡೆಯ ಮುಂದೆ ಕಲ್ಲು ಏಳುತ್ತದೆ. ಅಂದ ಮೇಲೆ ಗೋಡೆಯನ್ನೇ ಮೇಷ್ಟರ ಹತ್ತಿರ ಒಯ್ಯಬೇಕು. ಬಟ್ಟೆಗೆ ಅಂಟು ಬಳಿದು ಮರಳಿನ ಗೋಡೆಗೆ ಒತ್ತಿ, ಒಣಗಿದ ಮೇಲೆ ಕಿತ್ತರೆ ಪದರಗಳೆಲ್ಲ ಹಾಗೆಹಾಗೇ ಬಟ್ಟೆಗೆ ಅಂಟಿ ಬರುತ್ತವೆ ಎಂದು ನರಸಿಂಹ ಒಂದು ವಿಡಿಯೋದಲ್ಲಿ ನೋಡಿದ್ದ. ಅದಕ್ಕೇ ಸೀರೆ. ಸಾಯುವುದರೊಳಗೆ ಒಂದು ಸಲ ರಾಮಚಂದ್ರಪ್ಪನವರ ಬಾಯಲ್ಲಿ "ನೀನು ಹೇಳಿದ್ದೇ ಸರಿ ಕಣೋ" ಎಂಬ ಮಾತು ಕೇಳಬೇಕು, ಇಷ್ಟೇ ಅವನ ಆಸೆ.

ಸೀರೆ ಅಂಟಿಸಿ ಬಂದ ಮಾರನೆಯ ಬೆಳಗ್ಗೆ, ಸನ್ಮಾನದ ದಿನ, ಮಹಮ್ಮದ್ ಇಸ್ಮಾಯಿಲ್ ತನ್ನ ಗೂಡ್ಸ್ ಆಟೋ ತಂದು ನರಸಿಂಹನ ಮನೆ ಮುಂದೆ ನಿಲ್ಲಿಸಿದ. ಇಸ್ಮಾಯಿಲ್ ಅದೇ ತರಗತಿಯವನು. ಭೂವಿಜ್ಞಾನದಲ್ಲಿ ಅವನಿಗೇ ಹೆಚ್ಚು ಅಂಕ ಬಂದಿತ್ತು. ಈಗ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಸಾಗಿಸುತ್ತಾನೆ. ಇಬ್ಬರೂ ಹಳ್ಳಕ್ಕಿಳಿದು, ಸೀರೆಯ ಮೇಲಿನ ಅಂಚು ಹಿಡಿದು, ಉಸಿರು ಬಿಗಿಹಿಡಿದು ಎಳೆದರು. ಸರ್ರನೆ ಸದ್ದಾಯಿತು. ಗೋಡೆಯ ಚರ್ಮವೇ ಸುಲಿದುಬಂತು.

"ಅರೇ ಯಾರ್! ಪೂರಾ ಹಳ್ಳಾನೇ ಬಂದ್ಬಿಡ್ತಲ್ಲೋ ಮಾವಿನಹಣ್ಣು!" ಎಂದು ಕೂಗಿದ ಇಸ್ಮಾಯಿಲ್.

"ಇವತ್ತೊಂದಿನ ಆ ಹೆಸರು ಬೇಡ, ನಕ್ಕೋ ಇಸ್ಮಾಯಿಲ್," ಎಂದ ನರಸಿಂಹ. ಅಂಟು ಒಳಗಡೆ ಇನ್ನೂ ಹಸಿ ಇತ್ತು. ಸೀರೆಯನ್ನು ಚಾಪೆಯಂತೆ ಸುರುಳಿ ಸುತ್ತಿ ತಂದು ದೊಡ್ಡಗಂಗಮ್ಮನ ಅಂಗಳದ ಬಂಡೆಯ ಮೇಲೆ ಬಿಸಿಲಿಗೆ ಹರಡಿದರು. ಮನೆ ಬಾಗಿಲು ಹಾಕಿತ್ತು. ದೊಡ್ಡಗಂಗಮ್ಮ ಹಸುವಿನ ಹಿಂದೆ ಎಲ್ಲೋ ಹೋಗಿದ್ದಳು.

"ಒಣಗೋದ್ರೊಳಗೆ ಕಾಫಿ ಕುಡ್ಕೊಂಡು ಬರೋಣ," ಎಂದ ಇಸ್ಮಾಯಿಲ್. ಇವನ ಮಾತು ಕೇಳಿದ್ದೇ ನರಸಿಂಹ ಮಾಡಿದ ಮೂರನೆಯ ತಪ್ಪು.

ಹೈವೇ ಹೋಟೆಲಿನಲ್ಲಿ ಕಾಫಿಗೆ ಮೊದಲು ಇಡ್ಲಿ ಬಂತು, ಇಡ್ಲಿಯ ಜೊತೆ ಹಳೆಯ ನೆನಪು ಬಂತು. ಇಸ್ಮಾಯಿಲ್ ಕೆರೆಯಲ್ಲಿ ಮುಳುಗಿ ಮೇಲೇಳದೆ ಮೇಷ್ಟರನ್ನು ಹೆದರಿಸಿದ್ದು, ಮೇಷ್ಟರು ಪಂಚೆಸಮೇತ ನೀರಿಗೆ ಹಾರಿದ್ದು, ಆಮೇಲೆ ಇವನು ಆ ಕಡೆ ದಡದಲ್ಲಿ ಎಲಚಿಹಣ್ಣು ತಿನ್ನುತ್ತ ಕೂತಿದ್ದು.

"ಏನ್ ಹೊಡೆದ್ರೋ ಅವತ್ತು! ಹೊಡೆದು, ತಬ್ಕೊಂಡು ಅತ್ಬಿಟ್ರು ಕಣೋ," ಎಂದ ಇಸ್ಮಾಯಿಲ್. ಅವನ ಕಣ್ಣೂ ಒದ್ದೆಯಾಯಿತು. ಇನ್ನೊಂದು ಕಾಫಿ ತರಿಸಲೇಬೇಕಾಯಿತು. ಎದ್ದಾಗ ಬಿಸಿಲು ನೆತ್ತಿಗೆ ಏರಿತ್ತು.

ವಾಪಸು ಬಂದಾಗ ಬಂಡೆಯ ಮೇಲೆ ಸೀರೆ ಇರಲಿಲ್ಲ. ಅಂಗಳದ ತಂತಿಯ ಮೇಲೆ ಇತ್ತು. ಹಾಲಿನಂತೆ ಶುಭ್ರವಾಗಿತ್ತು.

ನರಸಿಂಹ ಅಲ್ಲೇ ಕುಸಿದು ಕುಳಿತ. ದೊಡ್ಡಗಂಗಮ್ಮ ಕೈ ಒರೆಸಿಕೊಳ್ಳುತ್ತ ಆಚೆ ಬಂದಳು. ಮುಖದ ತುಂಬ ನಗು.

"ಬಂದ್ರಾ ಸಾಮಿ! ನಿಮ್ದೇ ಅಂತ ಪಕ್ಕದ್ಮನೆಯೋರು ಹೇಳಿದ್ರು. ಅಬ್ಬಬ್ಬಾ, ಏನ್ ಮಣ್ಣು! ಮೇಷ್ಟ್ರ ಹೆಂಡ್ತಿ ಸೀರೆ ಈ ಗತಿಗೆ ಬರ್ಬೋದಾ? ಕಲ್ಲಿಗೆ ಹಾಕಿ ಬಡ್ದೆ ನೋಡು, ಒಳ್ಳೆ ಗೋಂದು ಹಿಡ್ದಂಗೆ ಹಿಡ್ಕಂಡಿತ್ತು. ಬಿಟ್ನಾ? ಬಿಡ್ಲಿಲ್ಲ!"

"ಅಮ್ಮಾ..." ಎಂದ ನರಸಿಂಹ.

"ಗಂಜೀನೂ ಹಾಕಿವ್ನಿ," ಎಂದಳು ದೊಡ್ಡಗಂಗಮ್ಮ. "ದುಡ್ಡು ಗಿಡ್ಡು ಕೊಡೋಕೆ ಬರ್ಬೇಡ. ಹುಡುಗ್ರಾಗಿದ್ದಾಗ ನನ್ ಕೈಲಿ ಮಜ್ಜಿಗೆ ಕುಡ್ದೋರು ನೀವು."

ಅಂಥ ತಾಯಿಯನ್ನು ಬಯ್ಯುವುದುಂಟೇ? ನರಸಿಂಹ ಕೈಮುಗಿದು, ಗರಿಗರಿ ಸೀರೆಯನ್ನು ಎಳೆದುಕೊಂಡು ಹಳ್ಳಕ್ಕೆ ಓಡಿದ. ಮಿಕ್ಕ ಅಂಟು ಡಬ್ಬದಲ್ಲಿತ್ತು. ಇನ್ನೊಂದು ಸಲ ಅಂಟಿಸಿದರಾಯಿತು.

ಆದರೆ ಹಳ್ಳದಲ್ಲಿ ಗೋಡೆಯೇ ಕಾಣಲಿಲ್ಲ. ಕಲ್ಲು ಅಡಿಯಿಂದ ಮುಡಿಯವರೆಗೆ ಎದ್ದು ನಿಂತಿತ್ತು, ಸಂದುಗಳಲ್ಲಿ ಸಿಮೆಂಟು ಇನ್ನೂ ಹಸಿಯಾಗಿತ್ತು.

"ಸಂಜೆಗೆ ಮುಚ್ತೀವಿ ಅಂದಿದ್ರಲ್ಲಪ್ಪಾ!" ಎಂದು ಗಾರೆಯವನ ಮೇಲೆ ರೇಗಿದ.

"ನೀವು ಬಟ್ಟೆ ಅಂಟಿಸಿದ್ರಲ್ಲ ಸಾರ್, ಅದಕ್ಕೇ ಆ ಜಾಗ ಬಿಟ್ಟಿದ್ವಿ. ಬೆಳಗ್ಗೆ ತಗೊಂಡ್ಬಿಟ್ರಿ. ಮೇಷ್ಟ್ರು ಕೆಲಸ ಮುಗೀತು, ಮೊದ್ಲು ಇದನ್ನೇ ಮುಗಿಸ್ಬಿಡೋಣ ಅಂದ್ಕೊಂಡ್ವಿ," ಎಂದ ಗಾರೆಯವನು. ಅವನ ದನಿಯಲ್ಲಿ ಉಪಕಾರ ಮಾಡಿದ ತೃಪ್ತಿ ಇತ್ತು.

ನರಸಿಂಹ ಮರಳಿನ ರಾಶಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಇಸ್ಮಾಯಿಲ್ ಅವನನ್ನೂ ಅವನು ಕೂತಿದ್ದ ರಾಶಿಯನ್ನೂ ಒಂದು ಸಲ ನೋಡಿದ.

"ಏನ್ಲಾ, ನೀನು ಎಲ್ಲಿ ಕೂತಿದೀಯ ಗೊತ್ತಾ?"

"ಎಲ್ಲಿ ಕೂತ್ರೇನು ಬಿಡೋ."

"ಆ ಗೋಡೆ ಮುಂದೆ ಜೆಸಿಬಿ ಕೆರೆದು ಹಾಕಿರೋ ಮರಳು ಕಣೋ ಇದು! ಅಗೋ ಉರುಟು ಕಲ್ಲು. ಅಗೋ ಗೋಡುಮಣ್ಣು. ಸೀರೆ ಇದೆ, ಅಂಟಿದೆ. ನಾವೇ ಜೋಡಿಸಿಬಿಡೋಣ."

"ಮೋಸ ಆಗುತ್ತೆ."

"ಕೈಕು? ಯಾಕೆ ಮೋಸ? ಗೋಡೆ ಸುಳ್ಳಾ? ನೀನು ನೋಡಿದ್ದು ಸುಳ್ಳಾ? ಹಳ್ಳ ಮಾಡಿದ ಕೆಲ್ಸಾನೇ ನಾವು ಇನ್ನೊಂದ್ಸಲ ಮಾಡೋದು, ಅಷ್ಟೇ!"

ನರಸಿಂಹ ಬೇಡ ಬೇಡ ಎನ್ನುತ್ತಲೇ ಎದ್ದ. ಹುಣಸೆಮರದ ಕೆಳಗೆ ಸೀರೆ ಹಾಸಿದರು. ಅಂಟು ಬಳಿದರು. ನರಸಿಂಹ ಕಣ್ಣು ಮುಚ್ಚಿಕೊಂಡ. ಗೋಡೆ ಕಣ್ಣೆದುರಿಗೆ ಬಂದು ನಿಂತಿತು. ಎಷ್ಟು ವರ್ಷ ಅದರ ಕನಸು ಕಂಡಿದ್ದ! ಯಾವ ಕಲ್ಲು ಎಲ್ಲಿತ್ತು, ಯಾವ ಗೆರೆ ಎಲ್ಲಿ ಸಣ್ಣಗಾಗುತ್ತಿತ್ತು, ಎಲ್ಲವೂ ಬಾಯಿಪಾಠ. ಮೊದಲು ಕಲ್ಲು ಕೂರಿಸಿದ. ಆಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು. ಹಳೆಯ ಪದರಕ್ಕೆ ಬಂದಾಗ ಬೆರಳಿನ ಸಂದಿಯಿಂದ ಮರಳನ್ನು ನೂಲಿನಂತೆ ಬಿಡುತ್ತ, ಒಂದೊಂದೇ ಗೆರೆಯನ್ನು ಬಲಕ್ಕೆ ಇಳಿಸಿದ. ರಂಗೋಲಿ ಬಿಡುವ ಹೆಂಗಸರೂ ಅಷ್ಟು ಶ್ರದ್ಧೆಯಿಂದ ಬಿಡುವುದಿಲ್ಲ. ಕೊನೆಗೆ ಎದ್ದು ನಿಂತು ನೋಡಿದಾಗ ಅವನಿಗೇ ಮೈ ಜುಮ್ಮೆಂದಿತು. ಗೋಡೆ ಹೇಗಿತ್ತೋ ಹಾಗೇ ಇತ್ತು.

"ಇಲ್ಲೊಂದು ಮೀನಿನ ಮುಳ್ಳು ಅಂಟಿಸ್ಲಾ? ಕಳೆ ಬರುತ್ತೆ," ಎಂದ ಇಸ್ಮಾಯಿಲ್.

"ಕೈ ತೆಗೀ ಆ ಕಡೆ!"

ಗೂಡ್ಸ್ ಆಟೋ ಹೊರಟಿತು. ಕೆಳಗೆ ಟೊಮೆಟೊ ಕ್ರೇಟುಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಸೀರೆ, ಸೀರೆಯ ಅಂಚು ಹಿಡಿದುಕೊಂಡು ಹಿಂದುಗಡೆ ಮಂಡಿಯೂರಿ ನರಸಿಂಹ. ಹೈವೇಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಿದ್ದರು. ಸೀದಾ ಸಭಾಭವನಕ್ಕೆ ಹೋಗೋಣ ಎಂದರೆ ಇಸ್ಮಾಯಿಲ್ ಒಪ್ಪಲಿಲ್ಲ. ಹರಾಜು ತಪ್ಪಿದರೆ ಮಾಲು ಕೊಳೆಯುತ್ತದೆ. ಹಾಗಾಗಿ ರಾಮಚಂದ್ರಪ್ಪನವರ ಹಳ್ಳ ಮೊದಲು ಟೊಮೆಟೊ ಮಾರ್ಕೆಟ್ಟಿಗೆ ಹೋಯಿತು.

ಅಲ್ಲಿ ಜನ ಮುತ್ತಿಕೊಂಡರು. "ಏನಣ್ಣ ಇದು, ಹೊಸಾ ಥರ ಶೀಟಾ? ಗಿಡದ ಬುಡಕ್ಕೆ ಹಾಕೋದಾ?" ಎಂದು ಒಬ್ಬ ಎಳೆದ. "ಎಕರೆಗೆ ಎಷ್ಟು ಬೇಕಾಗ್ತದೆ?" ಎಂದು ಇನ್ನೊಬ್ಬ ಉಗುರಿನಿಂದ ಕೆರೆದ. ನರಸಿಂಹ ಕೋಳಿ ಮರಿಗಳನ್ನು ಕಾಯುವಂತೆ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಕ್ರೇಟು ಇಳಿಸುವ ಗಲಾಟೆಯಲ್ಲಿ ಹಣ್ಣಾದ ಟೊಮೆಟೊವೊಂದು ಹಾರಿ ಬಂದು ಸೀರೆಯ ಮೂಲೆಯಲ್ಲಿ ಒಡೆಯಿತು. ಒರೆಸಿದಷ್ಟೂ ಕೆಂಪು ಹರಡಿತು.

ಸಭಾಭವನ ತಲುಪಿದಾಗ ಬೆವರಿನಲ್ಲಿ ಮಿಂದಿದ್ದ. ಕಾರ್ಯಕ್ರಮದ ಓಡಾಟವೆಲ್ಲ ಶಿವಕುಮಾರನದು. ಅವನೂ ಅದೇ ತರಗತಿ, ಈಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಎಲ್ಲ ಕೆಲಸಕ್ಕೂ ತಾನೇ ಕೈಹಾಕಿ ಕೆಡಿಸುವುದು ಅವನ ಹಳೆಯ ಗುಣ. ನರಸಿಂಹ ಮುಖ ತೊಳೆದು ಬರುವಷ್ಟರಲ್ಲಿ ವೇದಿಕೆಯ ಹಿಂದೆ ಸೀರೆಯನ್ನು ನೇತುಹಾಕಿಸಿ, ಅದಕ್ಕೊಂದು ಸೇವಂತಿಗೆ ಹಾರವನ್ನೂ ಹಾಕಿದ್ದ.

"ಲೇ ಶಿವಾ, ತಲೆಕೆಳಗಾಗಿದೆ ಕಣೋ!" ಎಂದು ಕಿರುಚಿದ ನರಸಿಂಹ. "ಕಲ್ಲು ಮೇಲಿದೆ, ಮಣ್ಣು ಕೆಳಗಿದೆ. ನೀನೂ ಪಾಸಾಗಿದೀಯಲ್ಲೋ!"

"ಮಣ್ಣಿಗೆಲ್ಲಿ ತಲೆ, ಎಲ್ಲಿ ಕಾಲು, ಯಾರಿಗೆ ನೆನಪಿದೆ ಮಾವಿನಹಣ್ಣು?" ಎಂದ ಶಿವಕುಮಾರ.

ನರಸಿಂಹ ಸ್ಟೂಲು ಹತ್ತಿ ತಾನೇ ಬಿಚ್ಚಿ, ತಿರುಗಿಸಿ, ಮೇಲಿನದು ಮೇಲೆ ಕೆಳಗಿನದು ಕೆಳಗೆ ಬರುವಂತೆ ಕಟ್ಟಿದ. ಎರಡೆರಡು ಸಲ ಪರೀಕ್ಷಿಸಿದ. ಗೆರೆಗಳು ಬಲಕ್ಕೆ ಇಳಿದಿದ್ದವು. ಇನ್ನೇನೂ ತಪ್ಪುವಂತಿಲ್ಲ ಎಂದುಕೊಂಡು ಮುಂದಿನ ಸಾಲಿನಲ್ಲಿ ಹೋಗಿ ಕೂತ.

ರಾಮಚಂದ್ರಪ್ಪನವರು ಮೊಮ್ಮಗಳ ಕೈ ಹಿಡಿದು ಬಂದರು. ಎಷ್ಟು ಸಣ್ಣಗಾಗಿಬಿಟ್ಟಿದ್ದರು! ಪಂಚೆ ಎತ್ತಿ ಕಟ್ಟಿ ಹಳ್ಳಕ್ಕೆ ಹಾರುತ್ತಿದ್ದ ಆ ಮನುಷ್ಯ ಇವರೇನಾ ಎನಿಸಿತು ನರಸಿಂಹನಿಗೆ. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಮೇಷ್ಟರು ಮೈಕು ಹಿಡಿದರು. ದನಿ ಮಾತ್ರ ಹಳೆಯದೇ.

"ಹಾರ ಹಾಕಿಸ್ಕೊಳ್ಳೋಕೆ ನಾನು ಬಂದಿಲ್ಲ. ಒಂದು ಕೆಲಸಕ್ಕೆ ಬಂದೆ. ಈ ಸಭೇಲಿ ಒಬ್ಬ ಇದಾನೆ. ನೀವೆಲ್ಲ ಮಾವಿನಹಣ್ಣು ಅಂತೀರಿ. ಆ ಹೆಸರು ಇಟ್ಟೋನು ನಾನು."

ಸಭೆ ನಕ್ಕಿತು. ನರಸಿಂಹ ತಲೆ ತಗ್ಗಿಸಿದ.

"ನಗಬೇಡಿ. ಅವನೊಂದು ಫೋಟೋ ಕಳಿಸ್ದ. ಮರಳು ತೋರಿಸು ಅಂತ ಗದರಿಸ್ದೆ. ಗದರಿಸಿದ್ನೇ ಹೊರತು, ಅವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ. ಗೆರೆ ಬಲಕ್ಕಿತ್ತು. ಹುಡುಗ ಹೇಳಿದ್ದೇ ನಿಜ ಇರ್ಬೇಕು. ಬಗ್ಗಿ ನೋಡ್ಬೇಕಾಗಿತ್ತು ನಾನು, ಆಗ ಮಂಡಿ ಚೆನ್ನಾಗಿತ್ತು. ಇವತ್ತು ನಿಮ್ಮೆಲ್ಲರ ಮುಂದೆ ಅವನು ಗೆದ್ದ ಅಂತ ಹೇಳಿ ಹೋಗೋಣ ಅಂತ ಬಂದೆ."

ಅಯ್ಯೋ ದೇವರೇ, ಬರಿಗೈಯಲ್ಲಿ ಬಂದಿದ್ದರೂ ಸಾಕಾಗಿತ್ತಲ್ಲ! ಇಂಥ ಮನುಷ್ಯನ ಮುಂದೆ ಹುಣಸೆಮರದ ಕೆಳಗೆ ತಯಾರಿಸಿದ ಗೋಡೆ ನೇತುಹಾಕಿದೆನಲ್ಲ ಎಂದು ನರಸಿಂಹನಿಗೆ ನಾಚಿಕೆಯಾಯಿತು. ಓಡಿಹೋಗಿ ಸೀರೆ ಸುತ್ತಿಕೊಂಡು ಬಂದುಬಿಡಲೇ ಎನಿಸಿತು.

"ಇಷ್ಟರ ಮೇಲೆ ನೋಡಿ, ಮರಳು ತೋರಿಸು ಅಂದಿದ್ದಕ್ಕೆ ಗೋಡೇನೇ ಹೊತ್ಕೊಂಡು ಬಂದಿದಾನೆ!" ಮೇಷ್ಟರು ಸೀರೆಯ ಕಡೆ ತಿರುಗಿದರು. "ಮುಖ ತೊಳೆಸೋಣ. ನೀರು ತನ್ನಿ."

ಅಂಗೈಗೆ ನೀರು ಸುರಿದುಕೊಂಡು ಮೆಲ್ಲಗೆ ತಟ್ಟಿದರು. ಚೂರು ಮರಳು ಉದುರಿತು, ನರಸಿಂಹನ ಜೀವವೂ ಉದುರಿದಂತಾಯಿತು. ಆದರೆ ಅಂಟು ಕೈಬಿಡಲಿಲ್ಲ. ಪದರಗಳು ಬಣ್ಣ ಏರಿ ಎದ್ದು ಬಂದವು. ಮೇಷ್ಟರು ಮೂಲೆಯ ಕೆಂಪು ಕಲೆ ಮುಟ್ಟಿ, "ಕಬ್ಬಿಣ. ಇಲ್ಲಿ ನೀರು ಬಹಳ ಕಾಲ ನಿಂತಿತ್ತು," ಎಂದರು. ಹಿಂದಿನ ಸಾಲಿನಲ್ಲಿ ಇಸ್ಮಾಯಿಲ್‌ಗೆ ಕೆಮ್ಮು ಬಂತು.

ಆಮೇಲೆ ಅವರು ಬೆರಳಿಟ್ಟು ಓದತೊಡಗಿದರು. "ಇಲ್ಲಿ ನೀರಿಗೆ ಕೋಪ ಬಂದಿತ್ತು. ಇಲ್ಲಿ ಇಳೀತು. ಇಲ್ಲಿ ಮಲಗಿಬಿಡ್ತು..." ತಲೆ ನರೆತವರು, ಬೊಜ್ಜು ಬಂದವರು, ಇಡೀ ಸಭೆ ಒಂದೇ ದನಿಯಲ್ಲಿ, "ಎದ್ದ ನೋಡಿ ಮತ್ತೆ ಮಹರಾಯ!" ಎಂದಿತು. ಮೇಷ್ಟರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನರಸಿಂಹ ಬಿಕ್ಕಿದ. ಆ ಕ್ಷಣ ಅಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ.

ಬೆರಳು ಕೊನೆಗೆ ಅಡಿಯ ಪದರಕ್ಕೆ ಬಂತು. "ನೋಡಿ, ಓರೆ ಗೆರೆ. ಯಾವ ಕಡೆ ಇಳಿದಿದೆ?"

"ಬಲಕ್ಕೆ!" ಎಂದರು ಎಲ್ಲರೂ. ಇಸ್ಮಾಯಿಲ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸಭೆಯೇ ಎದ್ದಿತು. ನರಸಿಂಹನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೇಷ್ಟರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗೆರೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕೈ ಎತ್ತಿದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಶಿವಕುಮಾರ, ನಿನ್ನ ಆಫೀಸಿನ ರಬ್ಬರ್ ಸ್ಟಾಂಪಲ್ಲಿ ಅಕ್ಷರ ಹೇಗಿರ್ತವಪ್ಪ?"

"ಎಡಬಲ ತಿರುಗಿರ್ತವೆ ಸಾರ್."

"ಕಾಗದಕ್ಕೆ ಒತ್ತಿ ತೆಗೆದ್ರೆ?"

"ಸರಿಯಾಗ್ತವೆ ಸಾರ್."

"ಒತ್ತಿ ತೆಗೆದಿದ್ದ್ಯಾವುದೂ ಹಾಗೇ. ನಾವು ನೋಡ್ತಿರೋದು ಗೋಡೇನಲ್ಲ. ಗೋಡೆಗೆ ಒತ್ತಿ ಕಿತ್ತಿದ್ದನ್ನ. ಬಟ್ಟೆ ಮೇಲೆ ಬಲಕ್ಕೆ ಬಂದಿದೆ ಅಂದ್ರೆ, ಗೋಡೆ ಮೇಲೆ ಇದ್ದಿದ್ದು ಎಡಕ್ಕೆ!" ಮೇಷ್ಟರ ಮುಖ ಅರಳಿತು. ಬೆನ್ನು ನೆಟ್ಟಗಾಯಿತು, ವರ್ಷಗಳೇ ಇಳಿದುಹೋದಂತೆ. "ಎಡಕ್ಕೆ ಅಂದ್ರೆ ಪಾಲಾರ್. ನಾನು ಅವತ್ತು ಹೇಳಿದ್ದೇ ಸರಿ!"

ನರಸಿಂಹನಿಗೆ ಆಗ ಹೊಳೆಯಿತು. ನಿಜವಾಗಿ ಕಿತ್ತ ಸೀರೆಯಲ್ಲಿ ಗೆರೆ ಎಡಕ್ಕೆ ಬಂದಿರಬೇಕಿತ್ತು. ತಾನು ಗೋಡೆ ಹೇಗಿತ್ತೋ ಹಾಗೇ, ಬಲಕ್ಕೆ, ಪ್ರಾಮಾಣಿಕವಾಗಿ ಜೋಡಿಸಿದ್ದ. ಪ್ರಾಮಾಣಿಕತೆಯೇ ಮುಳುವಾಯಿತು.

ಎದ್ದು ನಿಂತ. "ಸಾರ್... ಆದ್ರೆ ಫೋಟೋ..."

"ಅದನ್ನೇ ಹೇಳೋಕೆ ಬಂದೆ. ಮೊಬೈಲ್ ಫೋಟೋ ನಂಬಬಾರ್ದಪ್ಪ. ನನ್ನ ಮೊಮ್ಮಗಳು ಸೆಲ್ಫೀಲಿ ಎಡಗೈಲಿ ಊಟ ಮಾಡ್ತಿರ್ತಾಳೆ!"

"ಇಲ್ಲ ಸಾರ್, ಆ ಫೋಟೋ ಸರಿಯಾಗೇ ಇತ್ತು..."

"ಫೋಟೋ ಸರಿ ಅಂದ್ರೆ ಸೀರೆ ಸುಳ್ಳಾಗ್ಬೇಕು," ಎಂದರು ಮೇಷ್ಟರು ಪ್ರೀತಿಯಿಂದ. "ಸೀರೆ ಸುಳ್ಳೇನೋ?"

ನರಸಿಂಹ ಹಿಂದಕ್ಕೆ ನೋಡಿದ. ಇಸ್ಮಾಯಿಲ್ ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದ. ಗೋಡೆ ಕಲ್ಲಿನ ಹಿಂದೆ ಹೋಗಿ ಸೇರಿತ್ತು. ಇನ್ನು ಅದನ್ನು ಯಾರೂ ನೋಡುವಂತಿರಲಿಲ್ಲ.

"ಇಲ್ಲ ಸಾರ್," ಎಂದ ನರಸಿಂಹ. "ಸುಳ್ಳಲ್ಲ."

"ನನಗೆ ಗೊತ್ತಿಲ್ವಾ? ಬಾ ಇಲ್ಲಿ." ಮೇಷ್ಟರು ತಮ್ಮ ಮೈಮೇಲಿದ್ದ ಶಾಲು ತೆಗೆದು ಅವನಿಗೆ ಹೊದಿಸಿದರು. "ನೋಡ್ರಪ್ಪಾ, ಶಿಷ್ಯ ಅಂದ್ರೆ ಇವನು! ತಾನು ಸೋಲ್ತೀನಿ ಅಂತ ಗೊತ್ತಿದ್ರೂ ಸತ್ಯಾನ ಹೊತ್ಕೊಂಡು ಬಂದ. ಇಂಥ ಪ್ರಾಮಾಣಿಕನ್ನ ನಾನು ಕಂಡಿಲ್ಲ!"

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ನರಸಿಂಹ ಬಗ್ಗಿ ಕಾಲು ಮುಟ್ಟಿದ. ಮೇಷ್ಟರು ಅವನನ್ನು ಎಬ್ಬಿಸಿ, ತಬ್ಬಿಕೊಂಡು, ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟು ಸಂತೋಷವಾಗಿ ಅವರನ್ನು ನರಸಿಂಹ ಹಳ್ಳದ ದಡದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಈಗ ನಿನ್ನ ಬಾಯಲ್ಲೇ ಹೇಳು, ಎಲ್ಲರಿಗೂ ಕೇಳೋ ಹಾಗೆ. ಹಳ್ಳ ಯಾವ ಕಡೆ ಹರೀತಿತ್ತು?"

ನರಸಿಂಹ ಒಂದು ಸಲ ಸೀರೆಯನ್ನು ನೋಡಿದ, ಒಂದು ಸಲ ಮೇಷ್ಟರನ್ನು ನೋಡಿದ.

"ಪಾಲಾರ್ ಕಡೆಗೇ ಸಾರ್," ಎಂದ.

"ಶಭಾಷ್!" ಎಂದು ಬೆನ್ನು ತಟ್ಟಿದರು ರಾಮಚಂದ್ರಪ್ಪನವರು. "ತಡವಾದ್ರೂ ಕಲಿತೆ ಕಣೋ."